ಮನೆಯ ಮಗ್ಗಕ್ಕೆ ಮೂರು ಫೇಸು

ರಬಕವಿ-ಬನಹಟ್ಟಿಯ ಓಣಿಗಳಲ್ಲಿ ನಡೆದವರಿಗೆ ವಿದ್ಯುತ್ ಮಗ್ಗದ ಸದ್ದು ಹೊಸದಲ್ಲ. ಅಲ್ಲಿ ಮಗ್ಗ ಮನೆಯೊಳಗೂ ಉಂಟು. ಹಳೆಯದೊಂದನ್ನು ಅಗ್ಗಕ್ಕೆ ಕೊಂಡುತಂದು ಪಡಸಾಲೆಯಲ್ಲಿ ನಿಲ್ಲಿಸಿದೊಡನೆ ಏಳುವ ಪ್ರಶ್ನೆ: ಮನೆಯ ವಿದ್ಯುತ್ತು ಇದಕ್ಕೆ ಒಗ್ಗೀತೇ?

ಮನೆಗೆ ಬರುವುದು ಸಾಮಾನ್ಯವಾಗಿ ಒಂದು ಫೇಸು, ಒಂದು ನ್ಯೂಟ್ರಲ್. ನಡುವೆ 230 ವೋಲ್ಟು. ಹಳೆಯ ಮೋಟರು ಬಹುಮಟ್ಟಿಗೆ ಬೇಡುವುದು ಮೂರು ಫೇಸು, 415 ವೋಲ್ಟು. ಜಮಖಂಡಿ, ಮುಧೋಳ, ಬೀಳಗಿಯ ರೈತರಿಗೆ ಈ ಭೇದವನ್ನು ಹೇಳಬೇಕಾಗಿಲ್ಲ; ಪಂಪಿಗಾಗಿ ‘ತ್ರೀ ಫೇಸ್ ಬಂತೇನು?’ ಎಂದು ಕಾಯುವವರೇ ಅವರು. ಮೂರು ಫೇಸುಗಳು ಒಂದರ ಹಿಂದೊಂದು ಏರಿಳಿಯುತ್ತ ಮೋಟರಿನೊಳಗೆ ಸುತ್ತುವ ಕಾಂತಕ್ಷೇತ್ರವನ್ನು ನಿರ್ಮಿಸುತ್ತವೆ. ರೋಟರು ಅದರ ಬೆನ್ನುಹತ್ತುತ್ತದೆ. ಒಂದೇ ಫೇಸಿನ ಕ್ಷೇತ್ರ ತೊಟ್ಟಿಲಿನಂತೆ ತೂಗುತ್ತದೆ, ಬೀಸುವ ಕಲ್ಲಿನಂತೆ ಸುತ್ತುವುದಿಲ್ಲ. ಮೋಟರು ಗುಂಯ್‌ಗುಟ್ಟುತ್ತ ನಿಂತಲ್ಲೇ ಕಾಯುತ್ತದೆ.

ಓಡುತ್ತಿರುವಾಗ ಒಂದು ಫೇಸು ತಪ್ಪುವುದು ಇನ್ನೂ ಕೆಟ್ಟದ್ದು. ಮೋಟರು ನಿಲ್ಲದೆ ಓಡಬಹುದು. ಆದರೆ ಉಳಿದೆರಡು ತಂತಿಗಳ ಪ್ರವಾಹ ಸುಮಾರು 1.7 ಪಟ್ಟಾಗುತ್ತದೆ. ಫ್ಯೂಸು ಕರಗುವ ಮೊದಲೇ ಸುರುಳಿ ಸುಟ್ಟಿರುತ್ತದೆ. ನೇಕಾರನಿಗೆ ಅದು ರಿವೈಂಡಿಂಗಿನ ಖರ್ಚಷ್ಟೇ ಅಲ್ಲ, ಅಷ್ಟು ದಿನದ ನೇಯ್ಗೆಯೂ ಹೋದಂತೆ. ಫೇಸು ತಪ್ಪಿದೊಡನೆ ಮೋಟರನ್ನು ನಿಲ್ಲಿಸುವ ಸಾಧನ ದೊರೆಯುತ್ತದೆ. ಅದಿಲ್ಲದೆ ಮೂರು ಫೇಸಿನ ಮಗ್ಗ ನಡೆಸಬಾರದು.

ನಾಲ್ಕಾರು ಮಗ್ಗವಿದ್ದರೆ ಮೂರು ಫೇಸಿನ ಸಂಪರ್ಕವನ್ನೇ ಪಡೆಯುವುದು ಲೇಸು. ಒಂದೇ ಮಗ್ಗವಾದರೆ ಅಷ್ಟೇ ವೇಗದ ಒಂಟಿ ಫೇಸಿನ ಮೋಟರನ್ನು ಕೂಡಿಸಬಹುದು. ಕಂಡೆನ್ಸರ್ ಸಿಕ್ಕಿಸಿ ಹಳೆಯದನ್ನೇ ಓಡಿಸುವವರೂ ಉಂಟು; ಶಕ್ತಿ ಸುಮಾರು ಮೂರನೆಯ ಎರಡು ಪಾಲಿಗೆ ಇಳಿಯುವುದರಿಂದ, ಲಾಳಿಯ ಪ್ರತಿ ಏಟಿಗೂ ಜಗ್ಗುವ ಮಗ್ಗಕ್ಕೆ ಅದು ನನಗೆ ಒಪ್ಪಿಗೆಯಾಗದು.

ಈಗಿನ ಇಲೆಕ್ಟ್ರಾನಿಕ್ ಡ್ರೈವ್ ಒಂದು ಫೇಸನ್ನು ಮೂರಾಗಿಸಿಕೊಡುತ್ತದೆ. ಆದರೆ ಸಾಮಾನ್ಯ ಡ್ರೈವಿನಿಂದ ಹೊರಬರುವುದು 230 ವೋಲ್ಟು, 415 ಅಲ್ಲ. ಆದ್ದರಿಂದ ಮೊದಲು ಮೋಟರಿನ ಫಲಕವನ್ನು ಓದಬೇಕು. ಶಾಸನಗಳನ್ನು ತಡವಿ ಓದಿದ ಅಭ್ಯಾಸ ನನಗುಂಟು. ತುಕ್ಕು ಹಿಡಿದ ಈ ತಗಡಿಗೂ ಅಷ್ಟೇ ತಾಳ್ಮೆ ಬೇಕು. ಸ್ಟಾರ್ ಜೋಡಣೆಯಲ್ಲಿ 415 ಎಂದಿದ್ದರೆ ಪ್ರತಿ ಸುರುಳಿಗೆ ಬೀಳುವುದು ಸುಮಾರು 240 ಮಾತ್ರ. ಅದನ್ನು ಡೆಲ್ಟಾಕ್ಕೆ ಬದಲಿಸಿದರೆ ಡ್ರೈವಿಗೆ ಸರಿಹೊಂದುತ್ತದೆ. ಇದಕ್ಕೆ ಸುರುಳಿಯ ಆರೂ ತುದಿಗಳು ಹೊರಗೆ ಸಿಗಬೇಕು. ಮೂರೇ ಇದ್ದರೆ ರಿವೈಂಡಿಂಗಿನವನು ಒಳಗಿನ ಗಂಟನ್ನು ಬಿಚ್ಚಬೇಕಾದೀತು.

ಮಗ್ಗವೆಲ್ಲ ಕಬ್ಬಿಣ, ನೇಯುವವರ ಕೈ ದಿನವಿಡೀ ಅದರ ಮೇಲೆ. ಚೌಕಟ್ಟಿಗೂ ಮೋಟರಿಗೂ ಪ್ರತ್ಯೇಕ ಅರ್ಥಿಂಗ್ ತಂತಿ ಬೇಕು. ನ್ಯೂಟ್ರಲನ್ನೇ ಅರ್ಥಿಂಗ್ ಎಂದು ಬಿಗಿಯುವುದು ಪ್ರಾಣಕ್ಕೆ ಎರವು. ಈ ಜೋಡಣೆಯೆಲ್ಲ ಪರವಾನಗಿಯುಳ್ಳವರಿಂದಲೇ ಆಗಲಿ. ಕೊನೆಗೆ ಬೆಲ್ಟು ಕಳಚಿ ಮೋಟರನ್ನು ಒಮ್ಮೆ ತಿರುಗಿಸಿ ನೋಡುವುದು. ಮೂರು ಫೇಸಿನದು ಹಿಮ್ಮುಖವಾಗಿ ಸುತ್ತಿದರೆ ವಿದ್ಯುತ್ತನ್ನು ಕಡಿದು, ಮೋಟರಿಗೆ ಹೋಗುವ ಯಾವ ಎರಡು ಫೇಸುಗಳನ್ನಾದರೂ ಅದಲುಬದಲು ಮಾಡಿದರಾಯಿತು.