ಷೀಲೆಯ ಹಸಿರು
ಷೀಲೆಯ ಹಸಿರು ಎಂಬುದು ತಾಮ್ರ ಮತ್ತು ಆರ್ಸೆನಿಕ್ ಒಳಗೊಂಡ, ಹಳದಿ ಛಾಯೆಯ ಹಸಿರು ವರ್ಣದ್ರವ್ಯ. ರಾಸಾಯನಿಕವಾಗಿ ಇದು ತಾಮ್ರದ ಆರ್ಸೆನೈಟ್. 19ನೆಯ ಶತಮಾನದ ಯುರೋಪಿನಲ್ಲಿ ಗೋಡೆಗೆ ಅಂಟಿಸುವ ಅಲಂಕಾರಿಕ ಕಾಗದ (ವಾಲ್‌ಪೇಪರ್), ಬಟ್ಟೆ, ಕೃತಕ ಹೂವು ಹಾಗೂ ಆಟಿಕೆಗಳಲ್ಲಿ ಬಳಕೆಯಾದ ಈ ಬಣ್ಣವು ಅನೇಕರ ಅನಾರೋಗ್ಯಕ್ಕೆ ಕಾರಣವಾಯಿತು.

ಇತಿಹಾಸ
ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಕಾರ್ಲ್ ವಿಲ್ಹೆಲ್ಮ್ ಷೀಲೆ 1775ರಲ್ಲಿ ಇದನ್ನು ತಯಾರಿಸಿದನು. ಅದಕ್ಕೂ ಹಿಂದಿನ ಹಸಿರು ಬಣ್ಣಗಳಿಗಿಂತ ಇದು ಉಜ್ವಲವಾಗಿದ್ದು, ತಯಾರಿಕೆಯೂ ಅಗ್ಗವಾಗಿತ್ತು. 1814ರಲ್ಲಿ ಜರ್ಮನಿಯ ಶ್ವೈನ್‌ಫರ್ಟ್‌ನಲ್ಲಿ ಇನ್ನೂ ಹೊಳಪಿನ, ಆದರೆ ಅಷ್ಟೇ ವಿಷಕಾರಿಯಾದ ಮತ್ತೊಂದು ಆರ್ಸೆನಿಕ್ ಹಸಿರು ತಯಾರಾಯಿತು. ಅದು ಪಚ್ಚೆ ಹಸಿರು, ಪ್ಯಾರಿಸ್ ಹಸಿರು ಎಂಬ ಹೆಸರುಗಳಿಂದ ಪ್ರಸಿದ್ಧವಾಯಿತು.

ಅಪಾಯದ ಸ್ವರೂಪ
ಕಾಗದದ ಬಣ್ಣ ಉದುರಿ ಧೂಳಾಗಿ ಉಸಿರಿನ ಮೂಲಕ ದೇಹವನ್ನು ಸೇರುತ್ತಿತ್ತು. ತೇವವಿರುವ ಗೋಡೆಗಳಲ್ಲಿ ಕಾಗದದ ಮೇಲೂ ಅಂಟಿನ ಮೇಲೂ ಬೂಷ್ಟು ಬೆಳೆಯುತ್ತಿತ್ತು. ಕೆಲವು ಬೂಷ್ಟುಗಳು ಆರ್ಸೆನಿಕ್ಕನ್ನು ಬೆಳ್ಳುಳ್ಳಿ ವಾಸನೆಯ ಅನಿಲವಾಗಿ ಮಾರ್ಪಡಿಸುತ್ತವೆಂದು ಇಟಲಿಯ ವೈದ್ಯ ಬಾರ್ತೊಲೊಮಿಯೊ ಗೋಸಿಯೊ 1890ರ ದಶಕದಲ್ಲಿ ತೋರಿಸಿದನು. ಅದು ಟ್ರೈಮೀಥೈಲ್ ಆರ್ಸೀನ್ ಎಂದು 1930ರ ದಶಕದಲ್ಲಿ ಫ್ರೆಡರಿಕ್ ಚಾಲೆಂಜರ್ ಗುರುತಿಸಿದನು. ಆದರೆ ಈ ಅನಿಲವೇ ಸಾವುಗಳಿಗೆ ಮುಖ್ಯ ಕಾರಣವೆಂಬುದನ್ನು ಇತ್ತೀಚಿನ ಸಂಶೋಧಕರು ಪ್ರಶ್ನಿಸಿದ್ದಾರೆ.

ತಲೆನೋವು, ವಾಂತಿ, ಹೊಟ್ಟೆನೋವು, ಗಂಟಲ ಉರಿ ಮೊದಲಾದ ಲಕ್ಷಣಗಳು ಸಾಮಾನ್ಯ ರೋಗಗಳನ್ನು ಹೋಲುತ್ತಿದ್ದುದರಿಂದ ಅಪಾಯವು ಬಹುಕಾಲ ಮರೆಯಾಗಿತ್ತು. 1862ರಲ್ಲಿ ಲಂಡನ್ನಿನ ಲೈಮ್‌ಹೌಸ್‌ನಲ್ಲಿ ಒಂದೇ ಮನೆಯ ನಾಲ್ವರು ಮಕ್ಕಳು ಸತ್ತಾಗ ಮೊದಲು ಗಂಟಲಮಾರಿಯೆಂದು ಭಾವಿಸಲಾಗಿತ್ತು. ಅನಂತರ ಸಂಶಯವು ಅವರ ಕೋಣೆಯ ಹಸಿರು ಕಾಗದದತ್ತ ತಿರುಗಿತು.

ವಿವಾದ
ಜರ್ಮನಿಯ ರಸಾಯನಶಾಸ್ತ್ರಜ್ಞ ಲಿಯೊಪೋಲ್ಡ್ ಗ್ಮೆಲಿನ್ 1839ರಲ್ಲಿಯೇ ಎಚ್ಚರಿಕೆ ನೀಡಿದ್ದನು. ಆದರೆ ಒಂದೇ ಕೋಣೆಯಲ್ಲಿದ್ದ ಎಲ್ಲರೂ ಕಾಯಿಲೆ ಬೀಳುತ್ತಿರಲಿಲ್ಲವಾದ್ದರಿಂದ ಹಲವರು ಈ ಎಚ್ಚರಿಕೆಯನ್ನು ನಂಬಲಿಲ್ಲ. ಪ್ರಸಿದ್ಧ ವಿನ್ಯಾಸಕಾರ ವಿಲಿಯಂ ಮಾರಿಸ್ ವೈದ್ಯರ ಆತಂಕವನ್ನು ಅಲ್ಲಗಳೆದವರಲ್ಲೊಬ್ಬನು. ಆರ್ಸೆನಿಕ್ ಉತ್ಪಾದಿಸುತ್ತಿದ್ದ ಡೆವನ್ ಗ್ರೇಟ್ ಕಾನ್ಸಾಲ್ಸ್ ಗಣಿಯಲ್ಲಿ ಅವನ ಕುಟುಂಬಕ್ಕೆ ಪಾಲಿತ್ತು. ಅವನು ಕೆಲಕಾಲ ಅದರ ನಿರ್ದೇಶಕನೂ ಆಗಿದ್ದನು. ಅವನ ಆರಂಭಿಕ ಕಾಗದವೊಂದರ ಹಸಿರಿನಲ್ಲಿ ಆರ್ಸೆನಿಕ್ ಇದ್ದುದು 2003ರಲ್ಲಿ ಪ್ರಕಟವಾದ ಪರೀಕ್ಷೆಯಿಂದ ದೃಢಪಟ್ಟಿತು.

ಸೇಂಟ್ ಹೆಲೆನಾದಲ್ಲಿ 1821ರಲ್ಲಿ ತೀರಿಕೊಂಡ ನೆಪೋಲಿಯನ್ನನ ನಿವಾಸದ ಕಾಗದದಲ್ಲಿಯೂ ಆರ್ಸೆನಿಕ್ ಪತ್ತೆಯಾಗಿದೆ. ಆದರೆ ಅವನ ಸಾವಿಗೆ ಜಠರದ ಕ್ಯಾನ್ಸರ್ ಕಾರಣವೆಂಬುದೇ ಹೆಚ್ಚು ಮಾನ್ಯವಾದ ಅಭಿಪ್ರಾಯ.

ಬಳಕೆಯ ಅಂತ್ಯ
ಕೆಲವು ಯುರೋಪಿಯನ್ ದೇಶಗಳು ಇಂತಹ ಕಾಗದವನ್ನು ಕಾನೂನಿನಿಂದ ನಿರ್ಬಂಧಿಸಿದವು. ಬ್ರಿಟನ್ನಿನಲ್ಲಿ ಕಾನೂನಿಗಿಂತ ಗ್ರಾಹಕರ ಭೀತಿಯೇ ಪರಿಣಾಮಕಾರಿಯಾಯಿತು. ತಯಾರಕರು 'ಆರ್ಸೆನಿಕ್‌ರಹಿತ' ಎಂದು ಜಾಹೀರಾತು ನೀಡತೊಡಗಿದರು. ಹಳೆಯ ಕಟ್ಟಡಗಳ ಕಾಗದದಲ್ಲಿ ಮತ್ತು ಆ ಕಾಲದ ಪುಸ್ತಕಗಳ ಹಸಿರು ಹೊದಿಕೆಗಳಲ್ಲಿ ಆರ್ಸೆನಿಕ್ ಇಂದಿಗೂ ಉಳಿದಿರಬಹುದಾದ್ದರಿಂದ, ಅವುಗಳನ್ನು ಕೈಗವಸು ಧರಿಸಿ ಎಚ್ಚರದಿಂದ ನಿರ್ವಹಿಸಲಾಗುತ್ತದೆ.