ಅವರಿಗೆ ಗೊರಕೆ, ನಿಮಗೆ ಜಾಗರಣೆ!

ರಾತ್ರಿ ಹನ್ನೊಂದು ಗಂಟೆ. ಪಾತ್ರೆ ತೊಳೆದಿಟ್ಟು, ದೋಸೆ ಹಿಟ್ಟು ರುಬ್ಬಿ, ಮಕ್ಕಳ ಯೂನಿಫಾರ್ಮ್ ಇಸ್ತ್ರಿ ಮಾಡಿ 'ಅಬ್ಬಾ' ಎಂದು ದಿಂಬಿಗೆ ತಲೆ ಕೊಟ್ಟಿರುತ್ತೀರಿ. ಅಷ್ಟರಲ್ಲಿ ಪಕ್ಕದಿಂದ ಶುರು! ಮೊದಲು ಕುಕ್ಕರ್ ಸೀಟಿ, ಆಮೇಲೆ ಸೈಲೆನ್ಸರ್ ಕೆಟ್ಟ ಬೈಕು, ಕೊನೆಗೆ ಘಾಟಿ ಹತ್ತುವ ಲಾರಿ. "ರೀ, ಒಂಚೂರು ಪಕ್ಕಕ್ಕೆ ತಿರುಗಿ..." ಎಂದು ಭುಜ ಅಲುಗಾಡಿಸಿದರೆ, "ಹ್ಞಾಂ... ನಾನಿನ್ನೂ ಮಲಗೇ ಇಲ್ವಲ್ಲ" ಅನ್ನೋ ಉತ್ತರ. ಎರಡೇ ನಿಮಿಷ, ಲಾರಿ ಮತ್ತೆ ಹೊರಡುತ್ತದೆ.

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತಾರೆ. ಗೊರಕೆ ಹೊಡೆಯುವವರನ್ನು ಕಂಡಾಗ ನಮಗೂ ಹಾಗೇ ಅನ್ನಿಸುತ್ತದೆ. ಆದರೆ ಜೋರು ಗೊರಕೆ ಸುಖನಿದ್ದೆಯ ಗುರುತಲ್ಲ. ಉಸಿರಿನ ದಾರಿ ಇಕ್ಕಟ್ಟಾಗಿದೆ ಎಂಬುದರ ಗುರುತು ಅದು. ಮಜಾ ಏನೆಂದರೆ ಹೊಡೆಯುವವರಿಗೆ ಅದು ಕೇಳಿಸುವುದೇ ಇಲ್ಲ. ಕೇಳಿಸುವುದು ನಿಮಗೆ ಮಾತ್ರ!

ಯಾಕೆ ಬರುತ್ತೆ?

ನಿದ್ದೆ ಹತ್ತಿದಾಗ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಕಿರಿದಾದ ಆ ದಾರಿಯಲ್ಲಿ ಗಾಳಿ ನುಗ್ಗುವಾಗ ಅಂಗುಳಿನ ಹಿಂದಿನ ಮೆತ್ತನೆಯ ಭಾಗ ಮತ್ತು ಕಿರುನಾಲಿಗೆ ಅದುರುತ್ತವೆ. ಆ ಸದ್ದೇ ಗೊರಕೆ. ಅಂಗಾತ ಮಲಗಿದರೆ ನಾಲಿಗೆ ಹಿಂದಕ್ಕೆ ಜಾರಿ ಸದ್ದು ಹೆಚ್ಚುತ್ತದೆ. ಕತ್ತಿನ ಸುತ್ತಲಿನ ಕೊಬ್ಬು, ಕಟ್ಟಿದ ಮೂಗು, ಊದಿದ ಟಾನ್ಸಿಲ್, ಸಿಗರೇಟು, ರಾತ್ರಿಯ 'ಗುಂಡು' – ಇವೆಲ್ಲ ಗೊರಕೆಯ ನೆಂಟರು.

ಕಾಸು ಖರ್ಚಿಲ್ಲದ ಉಪಾಯ

* ಮಗ್ಗುಲಾಗಿ ಮಲಗಲಿ: "ಎಡಗಡೆ ಮಗ್ಗುಲಲ್ಲಿ ಮಲಗು" ಅಂತ ಅಜ್ಜಿಯರು ಸುಮ್ಮನೆ ಹೇಳುತ್ತಿರಲಿಲ್ಲ. ಎಡವೋ ಬಲವೋ, ಅಂಗಾತ ಮಾತ್ರ ಬೇಡ. ನಿದ್ದೆಯಲ್ಲಿ ಹೊರಳುವವರಿಗೆ ಒಂದು ಹಳೇ ಉಪಾಯವಿದೆ. ಹಳೆಯ ಬನಿಯನ್ನಿನ ಬೆನ್ನಿಗೆ ಜೇಬು ಹೊಲಿದು, ಹುಡುಗರು ಕ್ರಿಕೆಟ್ ಆಡುವ ಟೆನಿಸ್ ಚೆಂಡು ಹಾಕಿ. ಅಂಗಾತ ತಿರುಗಿದ ಕೂಡಲೇ ಚೆಂಡು ಒತ್ತುತ್ತದೆ, ತಾವಾಗೇ ಮಗ್ಗುಲು ಬದಲಿಸುತ್ತಾರೆ.

* ತಲೆಯ ಕಡೆ ಎತ್ತರ: ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಅಲುಗಾಡದಂಥ ಮರದ ತುಂಡಿಟ್ಟು ಸುಮಾರು 4 ಇಂಚು ಎತ್ತರಿಸಿ. ಎರಡು ಮೂರು ದಿಂಬು ಪೇರಿಸುವುದು ಬೇಡ. ಕತ್ತು ಮುಂದಕ್ಕೆ ಮಡಿಸಿದಂತಾಗಿ ಗಂಟಲು ಇನ್ನಷ್ಟು ಇಕ್ಕಟ್ಟಾಗಬಹುದು.

* ಮೂಗು ತೆರೆದಿರಲಿ: ಕುದಿಸಿ ಆರಿಸಿದ ಒಂದು ಲೋಟ ನೀರಿಗೆ ಅರ್ಧ ಚಮಚ ಉಪ್ಪು ಬೆರೆಸಿ ಮೂಗು ತೊಳೆಯಬಹುದು. ಜಲನೇತಿ ಬಲ್ಲವರಿಗೆ ಇದು ಹೊಸದಲ್ಲ. ನಲ್ಲಿ ನೀರನ್ನು ನೇರವಾಗಿ ಬಳಸಬೇಡಿ. ಮೂಗು ಬಿಡಿಸುವ ಔಷಧಿ ಹನಿಗಳನ್ನು ಮೂರು ನಾಲ್ಕು ದಿನಕ್ಕಿಂತ ಹೆಚ್ಚು ಹಾಕಿದರೆ ಮೂಗು ಮತ್ತಷ್ಟು ಕಟ್ಟುತ್ತದೆ. ಎಣ್ಣೆ, ತುಪ್ಪ ಬಿಡುವ ಪ್ರಯೋಗವೂ ಬೇಡ, ಶ್ವಾಸಕೋಶಕ್ಕಿಳಿದರೆ ಅಪಾಯ.

* ಊಟ ಬೇಗ, ಗುಂಡು ದೂರ: ಮಲಗುವ ಎರಡು ಮೂರು ಗಂಟೆ ಮೊದಲೇ ಹಗುರವಾಗಿ ಊಟ ಮುಗಿಯಲಿ. ಮದ್ಯ ಮತ್ತು ನಿದ್ದೆ ಮಾತ್ರೆ ಗಂಟಲಿನ ಸ್ನಾಯುಗಳನ್ನು ಇನ್ನೂ ಸಡಿಲಗೊಳಿಸುತ್ತವೆ. ವೈದ್ಯರು ಬರೆದುಕೊಟ್ಟ ಮಾತ್ರೆಯಾದರೆ ಅವರನ್ನು ಕೇಳದೆ ನಿಲ್ಲಿಸಬೇಡಿ.

* ತೂಕ ಇಳಿಯಲಿ: ದಪ್ಪಗಿದ್ದರೆ ತೂಕದಲ್ಲಿ ಹತ್ತನೇ ಒಂದು ಭಾಗ ಇಳಿದರೂ ಎಷ್ಟೋ ಜನರಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಸಂಜೆ ಇಬ್ಬರೂ ಒಟ್ಟಿಗೆ ವಾಕಿಂಗ್ ಹೋಗಿ. ಮಾತಿಗೂ ಸಮಯ ಸಿಕ್ಕೀತು.

* ನಾಲಿಗೆಗೆ ವ್ಯಾಯಾಮ: ನಾಲಿಗೆಯ ತುದಿಯನ್ನು ಅಂಗುಳಿಗೆ ಒತ್ತಿ ಹಿಂದಕ್ಕೆ ಜಾರಿಸುವುದು, ಇಡೀ ನಾಲಿಗೆಯನ್ನು ಅಂಗುಳಿಗೆ ಅಂಟಿಸಿ ಹಿಡಿಯುವುದು, 'ಆ' ಎಂದು ಕಿರುನಾಲಿಗೆ ಎತ್ತುವುದು – ಒಂದೊಂದನ್ನೂ ಇಪ್ಪತ್ತು ಸಲ. ಬ್ರೆಜಿಲ್‌ನ ವೈದ್ಯರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ವ್ಯಾಯಾಮ ಮೂರು ತಿಂಗಳು ಮಾಡಿದವರ ಗೊರಕೆ ತಗ್ಗಿತ್ತು. ನಮ್ಮ ಜೈಪುರದ ವೈದ್ಯರು 30 ರೋಗಿಗಳ ಮೇಲೆ ನಡೆಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರು ತಿಂಗಳು ಶಂಖ ಊದಿದವರಿಗೆ ರಾತ್ರಿ ಉಸಿರುಕಟ್ಟುವುದು ಕಡಿಮೆಯಾಗಿತ್ತು. ಸಣ್ಣ ಅಧ್ಯಯನ ನಿಜ. ಆದರೂ ದೇವರ ಮನೆಯಲ್ಲಿ ಶಂಖವಿದ್ದರೆ ಅಭ್ಯಾಸ ಮಾಡಿದರೆ ನಷ್ಟವಿಲ್ಲ.

ಗೊರಕೆ ನಿಲ್ಲಿಸುತ್ತೇವೆ ಎನ್ನುವ ಉಂಗುರ, ಅಯಸ್ಕಾಂತದ ಕ್ಲಿಪ್‌ಗಳಿಗೆ ದುಡ್ಡು ಸುರಿಯಬೇಡಿ. ಬಾಯಿಗೆ ಟೇಪ್ ಅಂಟಿಸುವ ಹೊಸ ಹುಚ್ಚಂತೂ ಬೇಡವೇ ಬೇಡ. ಮೂಗು ಕಟ್ಟಿದ್ದರೆ ಉಸಿರಾಡುವುದು ಎಲ್ಲಿಂದ?

ನಿಮ್ಮ ನಿದ್ದೆಯ ಗತಿ?

ಇವೆಲ್ಲ ಫಲ ಕೊಡುವವರೆಗೆ ನೀವು ಕಣ್ಣು ಬಿಟ್ಟುಕೊಂಡು ಸೂರು ಎಣಿಸಬೇಕಿಲ್ಲ. ಅವರಿಗಿಂತ ಅರ್ಧ ಗಂಟೆ ಮೊದಲೇ ಮಲಗಿಬಿಡಿ. ಮೆಡಿಕಲ್ ಶಾಪಿನಲ್ಲಿ ಸಿಗುವ ಸ್ಪಂಜಿನ ಇಯರ್ ಪ್ಲಗ್‌ಗೆ ಹೆಚ್ಚು ಖರ್ಚಿಲ್ಲ. ಫ್ಯಾನಿನ ಸದ್ದೂ ಗೊರಕೆಯನ್ನು ಸ್ವಲ್ಪ ಮುಚ್ಚುತ್ತದೆ. ಯಾವುದಕ್ಕೂ ಬಗ್ಗದಿದ್ದರೆ ವಾರದಲ್ಲಿ ಎರಡು ಮೂರು ದಿನ ಬೇರೆ ಕೋಣೆಯಲ್ಲಿ ಮಲಗಿ. "ಗಂಡ ಹೆಂಡ್ತಿ ಜಗಳ ಆಡಿದ್ದೀರೇನೇ?" ಎಂದು ಅತ್ತೆ ಕೇಳಿಯಾರು. "ಇಲ್ಲ ಅತ್ತೆ, ನಿದ್ದೆ ಮಾಡ್ಬೇಕಿತ್ತು" ಅಂದರಾಯಿತು. ನಿದ್ದೆಗೆಟ್ಟು ಬೆಳಿಗ್ಗೆ ಮಕ್ಕಳ ಮೇಲೆ ರೇಗುವುದಕ್ಕಿಂತ ಇದು ಎಷ್ಟೋ ವಾಸಿ.

ಸದ್ದು ನಿಂತರೆ ಎಚ್ಚರ!

ನಮ್ಮ ಬೀದಿಯ ಗೃಹಿಣಿಯೊಬ್ಬರ ಪತಿ ಟ್ಯಾಕ್ಸಿ ಓಡಿಸುತ್ತಾರೆ. ಅವರ ಗೊರಕೆ ಮನೆಮಂದಿಗೆಲ್ಲ ತಮಾಷೆಯ ವಸ್ತು. 'ಕುಂಭಕರ್ಣ' ಎಂಬ ಬಿರುದೂ ಸಿಕ್ಕಿತ್ತು. ಮಗುವಿಗೆ ಜ್ವರ ಬಂದ ಒಂದು ರಾತ್ರಿ ಆಕೆ ಎಚ್ಚರವಾಗಿದ್ದಾಗ ಗೊರಕೆ ಗಕ್ಕನೆ ನಿಂತಿತು. 'ಸದ್ಯ' ಅಂದುಕೊಂಡರು. ಆದರೆ ಉಸಿರಿನ ಸದ್ದೂ ಇಲ್ಲ! ಎದೆ ಏಳುತ್ತಿದೆ, ಗಾಳಿ ಮಾತ್ರ ಒಳಹೋಗುತ್ತಿಲ್ಲ. ಆಕೆ ಹತ್ತು, ಹದಿನೈದು ಎಣಿಸುವಷ್ಟರಲ್ಲಿ ನೀರಿನಿಂದ ಮೇಲೆದ್ದವರ ಹಾಗೆ ಏದುಸಿರು ಎಳೆದುಕೊಂಡು ಅವರು ಮತ್ತೆ ಗೊರಕೆ ಶುರು ಮಾಡಿದರು. ಆ ರಾತ್ರಿ ಹಾಗೇ ಎಷ್ಟೋ ಸಲ. ಹಗಲು ಸಿಗ್ನಲ್‌ನಲ್ಲಿ ನಿಂತಾಗ ಕಣ್ಣು ಎಳೆಯುತ್ತದೆ ಎಂದು ಅವರು ಹೇಳುತ್ತಿದ್ದುದು ಆಕೆಗೆ ಆಗ ನೆನಪಾಯಿತು.

ಇದಕ್ಕೆ ವೈದ್ಯರು ಸ್ಲೀಪ್ ಅಪ್ನಿಯಾ ಎನ್ನುತ್ತಾರೆ. ಗಂಟಲು ಮುಚ್ಚಿಕೊಂಡು ಪ್ರತಿಸಲ 10 ಸೆಕೆಂಡು ಅಥವಾ ಹೆಚ್ಚು ಹೊತ್ತು ಉಸಿರು ನಿಲ್ಲುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಚಿಕಿತ್ಸೆ ಮಾಡದೆ ಬಿಟ್ಟರೆ ಬಿ.ಪಿ., ಹೃದಯದ ಕಾಯಿಲೆ, ಪಾರ್ಶ್ವವಾಯುವಿನ ಅಪಾಯ ಹೆಚ್ಚು. ಡ್ರೈವಿಂಗ್ ಮಾಡುವವರಿಗಂತೂ ಹಗಲಿನ ತೂಕಡಿಕೆಯೇ ಕುತ್ತು. 2022ರ ಫೆಬ್ರುವರಿಯಲ್ಲಿ ಸಂಗೀತ ನಿರ್ದೇಶಕ ಬಪ್ಪಿ ಲಹಿರಿ ತೀರಿಕೊಂಡಾಗ ಆಸ್ಪತ್ರೆಯವರು ಹೇಳಿದ ಕಾರಣವೂ ಇದೇ.

ಈ ಲಕ್ಷಣಗಳಿದ್ದರೆ ಮನೆಮದ್ದು ಸಾಲದು, ವೈದ್ಯರನ್ನು ಕಾಣಿ: ಗೊರಕೆಯ ನಡುವೆ ಉಸಿರು ನಿಲ್ಲುವುದು, ಉಸಿರುಕಟ್ಟಿ ಎಚ್ಚರವಾಗುವುದು, ಬೆಳಿಗ್ಗೆ ತಲೆನೋವು, ಹಗಲು ತೂಕಡಿಕೆ, ಹತೋಟಿಗೆ ಬಾರದ ಬಿ.ಪಿ. ಶರ್ಟಿನ ಕಾಲರ್ ಸೈಜು 17 ಇಂಚು ದಾಟಿದ್ದರೂ ಹುಷಾರು. ಮೊದಲು ಜಿಲ್ಲಾ ಆಸ್ಪತ್ರೆಯ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ನಿದ್ದೆಯ ತೊಂದರೆಗಳಿಗೆ ತಪಾಸಣೆ ಇದೆ. ಅಗತ್ಯವಿದ್ದರೆ ರಾತ್ರಿಯಿಡೀ ನಿದ್ದೆಯ ಪರೀಕ್ಷೆ ಮಾಡುತ್ತಾರೆ. ಮಾಸ್ಕ್ ಮೂಲಕ ಗಾಳಿ ಒತ್ತಿ ಗಂಟಲು ತೆರೆದಿಡುವ ಸಿಪ್ಯಾಪ್ ಯಂತ್ರಕ್ಕೆ ಹತ್ತಾರು ಸಾವಿರ ರೂಪಾಯಿ ಬೇಕು ನಿಜ. ದೊಡ್ಡ ಊರುಗಳಲ್ಲಿ ಬಾಡಿಗೆಗೂ ಸಿಗುತ್ತದೆ. ಮೊದಲು ಬಾಡಿಗೆಗೆ ತಂದು ನೋಡಿ, ಒಗ್ಗಿದರೆ ಕೊಳ್ಳಿ.

"ನಾನಾ? ಗೊರಕೆನಾ?" ಎನ್ನುವ ಗಂಡಂದಿರೇ ಹೆಚ್ಚು. ಮೊಬೈಲಿನಲ್ಲಿ ಎರಡು ನಿಮಿಷ ರೆಕಾರ್ಡ್ ಮಾಡಿ. ನೆಂಟರ ಮುಂದೆ ಹಾಕಿ ನಗಿಸಲಿಕ್ಕಲ್ಲ, ಅವರೊಬ್ಬರಿಗೇ ಕೇಳಿಸಲಿಕ್ಕೆ, ವೈದ್ಯರಿಗೆ ತೋರಿಸಲಿಕ್ಕೆ.

ನಾವೂ ಹೊಡೀತೀವಿ!

ಗೊರಕೆ ಗಂಡಸರ ಆಸ್ತಿಯೇನಲ್ಲ. ಮುಟ್ಟು ನಿಂತ ಮೇಲೆ, ಥೈರಾಯ್ಡ್ ತೊಂದರೆ ಇದ್ದಾಗ, ಬಸಿರಿನ ಕೊನೆಯ ತಿಂಗಳುಗಳಲ್ಲಿ ಹೆಂಗಸರಲ್ಲೂ ಹೆಚ್ಚುತ್ತದೆ. ನಾಚಿಕೆಯಿಂದ ಹೇಳಿಕೊಳ್ಳುವುದಿಲ್ಲ ಅಷ್ಟೇ. ಬಸುರಿಯಲ್ಲಿ ಹೊಸದಾಗಿ ಜೋರು ಗೊರಕೆ ಶುರುವಾದರೆ ತಪಾಸಣೆಗೆ ಹೋದಾಗ ತಪ್ಪದೆ ಹೇಳಿ. ಬಿ.ಪಿ. ಏರುವುದಕ್ಕೂ ಅದಕ್ಕೂ ನಂಟಿದೆ.

ಆ ಟ್ಯಾಕ್ಸಿಯವರು ಈಗ ಮಾಸ್ಕ್ ಹಾಕಿಕೊಂಡು ಮಲಗುತ್ತಾರೆ. ಕುಂಭಕರ್ಣ ಎಂಬ ಬಿರುದು ಹೋಗಿದೆ. ಮೊದಲ ವಾರ ಮನೆಯ ನಿಶ್ಶಬ್ದಕ್ಕೆ ಹೆದರಿ ಆಕೆ ನಡುರಾತ್ರಿ ಎದ್ದು ಅವರ ಎದೆಯ ಮೇಲೆ ಕೈಯಿಟ್ಟು ನೋಡುತ್ತಿದ್ದರಂತೆ. ಈಗ ಇಬ್ಬರಿಗೂ ನಿದ್ದೆ. ಇವತ್ತು ರಾತ್ರಿ ಲಾರಿ ಹೊರಟಾಗ ನೀವೂ ದಿಂಬಿನಲ್ಲಿ ಕಿವಿ ಮುಚ್ಚುವ ಮುನ್ನ ಐದು ನಿಮಿಷ ಗಮನವಿಟ್ಟು ಕೇಳಿ. ಆ ಹೊತ್ತಿನಲ್ಲಿ ಅವರಿಗಿರುವ ಏಕೈಕ ಸಾಕ್ಷಿ ನೀವೇ.