ಅರ್ಧ ಹನಿ ಪೆಟ್ರೋಲಿನ ದಾರಿ

ಹೋಂಡಾ ಗೋಲ್ಡ್ ವಿಂಗ್ ಜಿಎಲ್1000 ಬೈಕಿನ ಟ್ಯಾಂಕು ಟ್ಯಾಂಕೇ ಅಲ್ಲ. ಬೇರೆ ಬೈಕುಗಳಲ್ಲಿ ಪೆಟ್ರೋಲ್ ತುಂಬುವ ಜಾಗದಲ್ಲಿ ಇದಕ್ಕೆ ಟ್ಯಾಂಕಿನ ಆಕಾರದ ಒಂದು ಡಬ್ಬಿ ಇದೆ. ಅದರ ಬದಿಗಳನ್ನು ತೆರೆದರೆ ಸಿಗುವುದು ವೈರಿಂಗು, ಫ್ಯೂಸು, ಏರ್ ಫಿಲ್ಟರು. ನಿಜವಾದ ಟ್ಯಾಂಕು ಸೀಟಿನ ಕೆಳಗಿದೆ. ಪೆಟ್ರೋಲ್ ಅಲ್ಲಿಂದ ಪಂಪಿನ ಮೂಲಕ ಮೇಲೇರಿ, ಡಬ್ಬಿಯ ಅಡಿಯಲ್ಲಿ ಎಂಜಿನ್ನಿನ ನೆತ್ತಿಯ ಮೇಲೆ ಒತ್ತೊತ್ತಾಗಿ ಕೂತ ನಾಲ್ಕು ಕೀಹಿನ್ ಕಾರ್ಬ್ಯುರೇಟರ್‌ಗಳನ್ನು ಸೇರುತ್ತದೆ.

1974ರಲ್ಲಿ ಜರ್ಮನಿಯ ಕೊಲೋನ್ ಪ್ರದರ್ಶನದಲ್ಲಿ ಈ ಬೈಕು ಕಾಣಿಸಿಕೊಂಡಾಗ ನೋಡಿದವರು ಬೆರಗಾಗಿದ್ದರು. 999 ಸಿಸಿ, ಎಡಕ್ಕೆರಡು, ಬಲಕ್ಕೆರಡು ಮಲಗಿದ ನಾಲ್ಕು ಸಿಲಿಂಡರ್, ನೀರಿನಿಂದ ತಂಪಾಗುವ ಎಂಜಿನ್, ಚೈನಿನ ಬದಲು ಶಾಫ್ಟು. ಜಪಾನಿನಲ್ಲಿ ಹುಟ್ಟಿದ ಬೈಕಿಗೆ ಮನೆ ಸಿಕ್ಕಿದ್ದು ಅಮೆರಿಕದ ಉದ್ದುದ್ದ ಹೆದ್ದಾರಿಗಳಲ್ಲಿ. ಸಾವಿರಾರು ಕಿಲೋಮೀಟರ್ ದೂರದ ಪ್ರಯಾಣಕ್ಕೆ ಹೇಳಿ ಮಾಡಿಸಿದಂತಿದ್ದ ಇದರ ಎಂಜಿನ್ ಎಷ್ಟು ಗಟ್ಟಿಯೆಂದರೆ, 1970ರ ದಶಕದ ಬೈಕುಗಳು ಇವತ್ತಿಗೂ ಓಡುತ್ತಿವೆ. ಓಡದೆ ಗ್ಯಾರೇಜಿನ ಮೂಲೆ ಸೇರಿದ್ದರೆ ಅನುಮಾನ ಮೊದಲು ಹೋಗುವುದು ಆ ನಾಲ್ಕು ಕಾರ್ಬ್ಯುರೇಟರ್‌ಗಳ ಮೇಲೆ.

ಅನುಮಾನಕ್ಕೆ ಕಾರಣವಿದೆ. ನಾಲ್ಕು ಫ್ಲೋಟು, ನಾಲ್ಕು ನೀಡಲ್, ನಾಲ್ಕು ಜೊತೆ ಜೆಟ್ಟು, ಇವುಗಳ ನಡುವೆ ಲೆಕ್ಕವಿಲ್ಲದಷ್ಟು ಓ-ರಿಂಗುಗಳು. ಪೆಟ್ರೋಲ್ ಒಣಗಿ ಅಂಟಾದರೆ ಮೊದಲು ಮುಚ್ಚಿಕೊಳ್ಳುವುದು ಸ್ಲೋ ಜೆಟ್ಟಿನ ಕೂದಲೆಳೆಯಂಥ ತೂತು. ಮೈಸೂರಿನ ಜಾವಾ, ಯೆಜ್ಡಿ ಇಟ್ಟುಕೊಂಡವರು ರಸ್ತೆ ಬದಿಯಲ್ಲೇ ಜೆಟ್ ಬಿಚ್ಚಿ, ಬಾಯಿಂದ ಊದಿ, ಮತ್ತೆ ಹಾಕಿ ಹೊರಟುಬಿಡುತ್ತಿದ್ದರು. ಗೋಲ್ಡ್ ವಿಂಗಿನಲ್ಲಿ ಅದಕ್ಕಾಗಿ ಇಡೀ ಸಾಲನ್ನು ಎತ್ತಿ ಹೊರತೆಗೆಯಬೇಕು. ಮತ್ತೆ ಕೂರಿಸಿದ ಮೇಲೆ ನಾಲ್ಕಕ್ಕೂ ವ್ಯಾಕ್ಯೂಮ್ ಗೇಜ್ ಸಿಕ್ಕಿಸಿ, ನಾಲ್ಕು ಮುಳ್ಳುಗಳೂ ಸಮನಾಗಿ ನಿಲ್ಲುವವರೆಗೆ ಸ್ಕ್ರೂ ತಿರುಗಿಸುತ್ತಾ ಕೂರಬೇಕು. ಹೀಗೆ ಬೇಸತ್ತ ಕೆಲವರು ನಾಲ್ಕನ್ನೂ ಕಿತ್ತು, ಯಾವುದೋ ಕಾರಿನ ಒಂದೇ ಕಾರ್ಬ್ಯುರೇಟರನ್ನು ಮಧ್ಯದಲ್ಲಿ ಕೂರಿಸಿ, ಅಲ್ಲಿಂದ ನಾಲ್ಕು ಕೊಳವೆಗಳನ್ನು ಸಿಲಿಂಡರ್‌ಗಳಿಗೆ ಇಳಿಸುತ್ತಾರೆ. ಅವರು ಹೆಚ್ಚಾಗಿ ಆರಿಸಿಕೊಳ್ಳುವುದು ವೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಸೋಲೆಕ್ಸ್ ಅಥವಾ ಎರಡು ಬಾಯಿಯ ವೆಬರ್.

ನಾಲ್ಕು ಮಾಡುತ್ತಿದ್ದ ಕೆಲಸಕ್ಕೆ ಒಂದು ಸಾಕಾಗುತ್ತದೆಯೇ? ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರ್ ಗಾಳಿ ಎಳೆಯುವುದು ನಾಲ್ಕರಲ್ಲಿ ಒಂದು ಸ್ಟ್ರೋಕಿನಲ್ಲಿ ಮಾತ್ರ. ಉಳಿದ ಮೂರರಲ್ಲಿ ಅದರ ಕಾರ್ಬ್ಯುರೇಟರ್‌ಗೆ ಬಹುಪಾಲು ರಜೆ. ನಾಲ್ಕು ಸಿಲಿಂಡರ್‌ಗಳ ಸರದಿ ಬೇರೆ ಬೇರೆಯಾದ್ದರಿಂದ ಯಾವ ಕ್ಷಣದಲ್ಲಿ ನೋಡಿದರೂ ಗಾಳಿ ಎಳೆಯುತ್ತಿರುವುದು ಹೆಚ್ಚೂಕಡಿಮೆ ಒಂದೇ ಒಂದು. ವಠಾರದ ನಾಲ್ಕು ಮನೆಗೆ ಒಂದೇ ನಲ್ಲಿ ಇದ್ದ ಹಾಗೆ: ಸರದಿ ತಪ್ಪದಿದ್ದರೆ ನೀರಿಗೆ ಕೊರತೆಯಿಲ್ಲ, ಹೊತ್ತು ಸಾಗಿಸುವುದೇ ಕಷ್ಟ.

ಲೆಕ್ಕವನ್ನೂ ಹಾಕಿ ನೋಡಬಹುದು. ಬೀಟಲ್‌ನ 1584 ಸಿಸಿ ಎಂಜಿನ್ 4000 ಆರ್‌ಪಿಎಮ್‌ನಲ್ಲಿ ತನ್ನ ಪೂರ್ತಿ ಶಕ್ತಿ ಕೊಡುತ್ತದೆ. ಎರಡು ಸುತ್ತಿಗೆ ಒಮ್ಮೆ ತುಂಬುವ ಲೆಕ್ಕದಲ್ಲಿ ಆಗ ಅದು ನಿಮಿಷಕ್ಕೆ ಹೆಚ್ಚೆಂದರೆ 3170 ಲೀಟರ್ ಗಾಳಿ ಎಳೆಯುತ್ತದೆ. 999 ಸಿಸಿಯ ಗೋಲ್ಡ್ ವಿಂಗ್ ಅಷ್ಟೇ ಗಾಳಿ ಎಳೆಯಬೇಕಾದರೆ ಸುಮಾರು 6300 ಆರ್‌ಪಿಎಮ್‌ಗೆ ಏರಬೇಕು. ಅಲ್ಲಿಯವರೆಗೆ ಬೀಟಲ್‌ನ ಒಂಟಿ ಸೋಲೆಕ್ಸ್‌ಗೆ ಇದೇನೂ ಹೊಸ ಭಾರವಲ್ಲ. ನಮ್ಮ ಪ್ರೀಮಿಯರ್ ಪದ್ಮಿನಿಯೂ 1089 ಸಿಸಿ, ನಾಲ್ಕು ಸಿಲಿಂಡರ್, ಕಾರ್ಬ್ಯುರೇಟರ್ ಒಂದೇ. ಗೋಲ್ಡ್ ವಿಂಗ್ ತನ್ನ 80ರಷ್ಟು ಅಶ್ವಶಕ್ತಿಯ ತುದಿ ಮುಟ್ಟುವುದು 7500ರ ಹತ್ತಿರ. ಆ ಕೊನೆಯ ಸಾವಿರ ಆರ್‌ಪಿಎಮ್‌ನಲ್ಲಿ ಒಂಟಿ ಕಾರ್ಬ್ಯುರೇಟರ್ ಉಸಿರು ಕಟ್ಟಿಸುತ್ತದೆ, ನಿಜ. ಪ್ರವಾಸದ ಬೈಕಿನಲ್ಲಿ ಅಷ್ಟು ಮೇಲೆ ಎಷ್ಟು ಹೊತ್ತು ಓಡಿಸುತ್ತೀರಿ ಎಂದು ನಾನು ಕೇಳುತ್ತೇನೆ.

ಕಾರ್ಬ್ಯುರೇಟರ್ ಆಯಿತು. ನನ್ನ ಮಟ್ಟಿಗೆ ಅದು ಈ ಕಥೆಯ ಸುಲಭದ ಭಾಗ. ಅದರ ಕೆಳಗಿನ ಕೊಳವೆಯಲ್ಲಿದೆ ಎಲ್ಲ ಫಜೀತಿ.

ಒಂದು ಸಿಲಿಂಡರ್ ಒಮ್ಮೆಗೆ ಎಳೆಯುವುದು 250 ಸಿಸಿ ಗಾಳಿ, ತೂಕದಲ್ಲಿ 300 ಮಿಲಿಗ್ರಾಂ. ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು 14.7 ಪಾಲು ಗಾಳಿ ಬೇಕು. ಅಂದರೆ ಪೂರ್ತಿ ಥ್ರಾಟಲ್ ಕೊಟ್ಟಾಗಲೂ ಸಿಲಿಂಡರ್‌ಗೆ ಒಂದು ಬಾರಿಗೆ ಬೇಕಾದದ್ದು 20 ಮಿಲಿಗ್ರಾಂ ಪೆಟ್ರೋಲ್. ಡ್ರಾಪರಿನಿಂದ ಬೀಳುವ ಹನಿಯಲ್ಲಿ ಸುಮಾರು ಅರ್ಧ! ಈ ಅರ್ಧ ಹನಿ ನಾಲ್ಕೂ ಸಿಲಿಂಡರ್‌ಗೆ ಸಮನಾಗಿ, ಪ್ರತಿ ಬಾರಿಯೂ ತಪ್ಪದೆ ಹೋಗಬೇಕು. ಹೋಂಡಾದ ಏರ್ಪಾಟಿನಲ್ಲಿ ಪ್ರತಿ ಸಿಲಿಂಡರ್‌ಗೂ ತನ್ನದೇ ಕಾರ್ಬ್ಯುರೇಟರ್, ಹನಿಗೆ ಗಿಡ್ಡ ದಾರಿ. ಒಂಟಿ ಕಾರ್ಬ್ಯುರೇಟರ್ ಹಾಕಿದ ತಕ್ಷಣ ದಾರಿ ಉದ್ದವಾಗುತ್ತದೆ, ತಿರುವು ಹೆಚ್ಚುತ್ತದೆ, ನಡುವೆ ನಾಲ್ಕು ಕವಲು ಬರುತ್ತದೆ.

ಗಾಳಿಗೆ ತಿರುವು ಲೆಕ್ಕಕ್ಕಿಲ್ಲ, ಬಾಗಿ ಹೋಗುತ್ತದೆ. ಪೆಟ್ರೋಲಿನ ಕಣ ಗಾಳಿಗಿಂತ ಭಾರ. ಹೊರಟ ದಿಕ್ಕಿನಲ್ಲೇ ನುಗ್ಗಿ ಎದುರಿನ ಗೋಡೆಗೆ ಬಡಿಯುತ್ತದೆ. ಮೇಲಿನಿಂದ ಕೆಳಕ್ಕೆ ಸುರಿಯುವ ಕಾರ್ಬ್ಯುರೇಟರ್ ಆದರೆ ಬಡಿಯುವುದು ನೇರ ಕೆಳಗಿನ ನೆಲಕ್ಕೆ. ಅಲ್ಲಿ ತೆಳ್ಳಗಿನ ಪೊರೆಯಾಗಿ ಹರಡಿ, ನಿಧಾನವಾಗಿ ತೆವಳುತ್ತಾ, ಯಾವ ಕವಲು ತಗ್ಗಿನಲ್ಲಿದೆಯೋ ಅತ್ತ ಇಳಿಯುತ್ತದೆ. ಥ್ರಾಟಲ್ ತಿರುಗಿಸಿದರೆ ಗಾಳಿ ಕಣ್ಣು ಮಿಟುಕಿಸುವಷ್ಟರಲ್ಲಿ ಹೆಚ್ಚುತ್ತದೆ, ಗೋಡೆಗೆ ಅಂಟಿದ ಪೆಟ್ರೋಲ್ ಹಿಂದೆ ಬೀಳುತ್ತದೆ. ಆ ಗಳಿಗೆಯಲ್ಲಿ ಎಂಜಿನ್ ಒಮ್ಮೆ ಮುಗ್ಗರಿಸುತ್ತದೆ. ಪಿಕಪ್ ಇಲ್ಲ ಎಂದು ಮೆಕ್ಯಾನಿಕ್ ಬಳಿ ದೂರುವ ಕಾಯಿಲೆ ಬಹಳ ಸಲ ಇದೇ. ಥ್ರಾಟಲ್ ತೆರೆದಾಗ ಒಂದು ಚಿಮ್ಮು ಹೆಚ್ಚುವರಿ ಪೆಟ್ರೋಲ್ ಕೊಡುವ ಪುಟ್ಟ ಪಂಪು ಕಾರಿನ ಕಾರ್ಬ್ಯುರೇಟರ್‌ನಲ್ಲಿ ಇರುವುದು ಇದಕ್ಕಾಗಿಯೇ. ಕೊಳವೆ ಉದ್ದವಾದಷ್ಟೂ ಈ ಚಿಮ್ಮು ದೊಡ್ಡದಿರಬೇಕು.

ಹಾಗಾಗಿ ಕೊಳವೆಯ ಅಳತೆ ಮುಖ್ಯ. 32 ಮಿಲಿಮೀಟರ್ ಒಳವ್ಯಾಸದ ಕೊಳವೆಯಲ್ಲಿ 3000 ಆರ್‌ಪಿಎಮ್‌ಗೆ, ಪೂರ್ತಿ ಥ್ರಾಟಲಿನಲ್ಲಿ, ಗಾಳಿ ಸೆಕೆಂಡಿಗೆ ಸುಮಾರು 31 ಮೀಟರ್ ವೇಗದಲ್ಲಿ ಓಡುತ್ತದೆ. ದೊಡ್ಡದಿದ್ದರೆ ಒಳ್ಳೆಯದೆಂದು 38 ಮಿಲಿಮೀಟರ್ ಕೊಳವೆ ಹಾಕಿದರೆ ವೇಗ 22ಕ್ಕೆ ಇಳಿಯುತ್ತದೆ. ವೇಗ ಇಳಿದರೆ ಕಣಗಳನ್ನು ಹೊತ್ತೊಯ್ಯುವ ಬಲವೂ ಇಳಿಯುತ್ತದೆ. ಕೊಳವೆ ಎಷ್ಟು ದಪ್ಪವಿದ್ದರೆ ಅಷ್ಟು ಶಕ್ತಿ ಎನ್ನುವುದು ರೇಸ್ ನೋಡಿ ಬಂದ ನಂಬಿಕೆ. ಗೋಲ್ಡ್ ವಿಂಗಿಗೆ ಅದು ಒಗ್ಗುವುದಿಲ್ಲ.

ಇನ್ನೊಂದು ತೊಡಕು ಈ ಎಂಜಿನ್ನಿನ ಹುಟ್ಟಿನಲ್ಲೇ ಇದೆ. ಬಲಗಡೆಯವು 1 ಮತ್ತು 3, ಎಡಗಡೆಯವು 2 ಮತ್ತು 4. ಕಿಡಿ ಹೊಡೆಯುವ ಸರದಿ 1-3-2-4. ಗಾಳಿ ಎಳೆಯುವ ಸರದಿಯೂ ಅದೇ: ಬಲ, ಬಲ, ಎಡ, ಎಡ. ಒಂದು ಬದಿಗೆ ಒಂದೇ ಕೊಳವೆ ಒಯ್ದು ತುದಿಯಲ್ಲಿ ಕವಲೊಡೆಸಿದರೆ ಏನಾಗುತ್ತದೆ ನೋಡಿ. ಒಂದನೆಯ ಸಿಲಿಂಡರ್ ನಿಂತ ಗಾಳಿಯನ್ನು ಎಬ್ಬಿಸಿ ಎಳೆಯಬೇಕು. ಅದರ ವಾಲ್ವ್ ಇನ್ನೂ ಪೂರ್ತಿ ಮುಚ್ಚುವ ಮೊದಲೇ ಮೂರನೆಯದರ ವಾಲ್ವ್ ತೆರೆದು ಪಾಲು ಕೇಳುತ್ತದೆ. ಆಗಲೇ ಓಡುತ್ತಿರುವ ಗಾಳಿಯ ಲಾಭವೂ ಅದಕ್ಕೇ. ಅವೆರಡೂ ಮುಗಿದ ಮೇಲೆ ಆ ಬದಿ ಕ್ರ್ಯಾಂಕಿನ ಒಂದು ಸುತ್ತಿನಷ್ಟು ಹೊತ್ತು ಸುಮ್ಮನಿರುತ್ತದೆ. ಅಷ್ಟರಲ್ಲಿ ಪೆಟ್ರೋಲ್ ಗೋಡೆಗೆ ಇಳಿದಿರುತ್ತದೆ. ಬೀಟಲ್ ಎಂಜಿನ್ನೂ ಇದೇ ಜಾಯಮಾನದ್ದು. ಬದಿಗೊಂದೇ ಕೊಳವೆ ಇಟ್ಟುಕೊಂಡೇ ಅದು ದಶಕಗಟ್ಟಲೆ ಓಡಿತು, ಆದರೆ ಅದು 4000 ಆರ್‌ಪಿಎಮ್‌ನ ಸಾಧು ಎಂಜಿನ್. ಗೋಲ್ಡ್ ವಿಂಗಿಗೆ ಕಾರ್ಬ್ಯುರೇಟರ್ ಕೆಳಗೆ ಒಂದು ಸಣ್ಣ ಪೆಟ್ಟಿಗೆ ಮಾಡಿ, ಅಲ್ಲಿಂದಲೇ ನಾಲ್ಕು ಬೇರೆ ಬೇರೆ ಕೊಳವೆಗಳನ್ನು ಸಮ ಉದ್ದದಲ್ಲಿ ಹೊರಡಿಸುವುದು ಹೆಚ್ಚು ನ್ಯಾಯ.

ಕಾರ್ಬ್ಯುರೇಟರನ್ನು ಯಾವ ದಿಕ್ಕಿಗೆ ತಿರುಗಿಸಿ ಕೂರಿಸುತ್ತೀರಿ ಎಂಬುದೂ ಎಣಿಕೆಗೆ ಬರುತ್ತದೆ. ಅರ್ಧ ತೆರೆದ ಥ್ರಾಟಲ್ ತಟ್ಟೆ ಓರೆಯಾಗಿರುತ್ತದೆ, ಮಿಶ್ರಣವನ್ನು ಒಂದು ಕಡೆಗೆ ತಳ್ಳುತ್ತದೆ. ಅದರ ಶಾಫ್ಟು ಬೈಕಿಗೆ ಅಡ್ಡಲಾಗಿದ್ದರೆ ಈ ಪಕ್ಷಪಾತ ಮುಂದು-ಹಿಂದಿಗೆ ಸೀಮಿತವಾಗಿ, ಎಡ-ಬಲ ಸಮ ಉಳಿಯುತ್ತವೆ. ವೆಬರ್ 32/36ರಲ್ಲಿ ಮೊದಲು ಚಿಕ್ಕ ಬಾಯಿ ತೆರೆದು ಆಮೇಲೆ ದೊಡ್ಡದು ತೆರೆಯುತ್ತದೆ. ನಿತ್ಯದ ಓಟದಲ್ಲಿ ಕೆಲಸ ಮಾಡುವ ಆ ಚಿಕ್ಕ ಬಾಯಿ ನಡುಮಧ್ಯದಲ್ಲಿ ಇರುವುದೇ ಇಲ್ಲ. ನನ್ನ ಓಟು ಒಂದೇ ಬಾಯಿಯ ಸೋಲೆಕ್ಸ್‌ಗೆ.

ಇನ್ನು ಚಳಿಯ ವಿಷಯ. ಪೆಟ್ರೋಲ್ ಆವಿಯಾಗುವಾಗ ಶಾಖ ಹೀರುತ್ತದೆ, ಕಿಲೋಗೆ ಸುಮಾರು 350 ಕಿಲೋಜೂಲ್. ಆ ಶಾಖವೆಲ್ಲ ಜೊತೆಗಿರುವ ಗಾಳಿಯಿಂದಲೇ ಬಂದರೆ ಗಾಳಿ 24 ಡಿಗ್ರಿಯಷ್ಟು ತಣ್ಣಗಾಗಬೇಕು. ಡಿಸೆಂಬರಿನ ಮಡಿಕೇರಿಯ ಮಂಜಿನ ಮುಂಜಾವು 14 ಡಿಗ್ರಿ ಇದ್ದರೂ, ಲೆಕ್ಕದ ಮಟ್ಟಿಗೆ ಕಾರ್ಬ್ಯುರೇಟರ್ ಒಳಗೆ ಸೊನ್ನೆಗಿಂತ ಕೆಳಗೆ! ತೇವದ ಗಾಳಿಯಾದರೆ ಥ್ರಾಟಲ್ ತಟ್ಟೆಯ ಸುತ್ತ ಮಂಜುಗಡ್ಡೆ ಕಟ್ಟಿ ಎಂಜಿನ್ ನಿಲ್ಲಬಹುದು. ಎಥನಾಲ್ ಬೆರೆತ ಪೆಟ್ರೋಲ್ ಇನ್ನೂ ಹೆಚ್ಚು ಶಾಖ ಹೀರುತ್ತದೆ. ಬೀಟಲ್ ತಯಾರಿಸಿದವರು ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆಯ ಒಂದು ಕವಲನ್ನು ಕಾರ್ಬ್ಯುರೇಟರ್ ಅಡಿಗೆ ಹಾಯಿಸಿದ್ದರು. ಗೋಲ್ಡ್ ವಿಂಗಿನಲ್ಲಿ ಬಿಸಿನೀರೇ ಇದೆ. ಪೆಟ್ಟಿಗೆಯ ತಳಕ್ಕೆ ಎರಡನೇ ತಳ ಬೆಸೆದು, ನಡುವೆ ರೇಡಿಯೇಟರ್ ಸಾಲಿನಿಂದ ತೆಗೆದ ಸಣ್ಣ ಹೋಸಿನ ನೀರು ಹಾಯಿಸಿದರೆ, ನೆಲಕ್ಕೆ ಬಿದ್ದ ಪೆಟ್ರೋಲ್ ಅಲ್ಲೇ ಆವಿಯಾಗಿ ಏಳುತ್ತದೆ. ಈ ಕೆಲಸವನ್ನು ಬಿಟ್ಟವರ ಬೈಕು ಮಧ್ಯಾಹ್ನ ಚೆನ್ನಾಗಿ ಓಡಿ, ಬೆಳಿಗ್ಗೆ ಚೋಕ್ ಎಳೆದೇ ಅರ್ಧ ದಾರಿ ಸವೆಸುತ್ತದೆ.

ಕಾರಿನ ಕಾರ್ಬ್ಯುರೇಟರ್ ಬೈಕಿಗೆ ಹಾಕಿದರೆ ತಿರುವಿನಲ್ಲಿ ವಾಲಿದಾಗ ಫ್ಲೋಟ್ ಬಟ್ಟಲಿನ ಪೆಟ್ರೋಲ್ ಚೆಲ್ಲುವುದಿಲ್ಲವೇ ಎಂಬ ಸಂಶಯ ಸಹಜ. ಇಲ್ಲಿ ಭೌತವಿಜ್ಞಾನ ಬೈಕಿನ ಪರ. ಕಾರು ತಿರುಗುವಾಗ ನೆಟ್ಟಗೇ ಇರುತ್ತದೆ, ಬಟ್ಟಲಿನ ಪೆಟ್ರೋಲ್ ಹೊರಬದಿಗೆ ಏರುತ್ತದೆ. ಬೈಕು ಎಷ್ಟು ಬೇಕೋ ಅಷ್ಟೇ ವಾಲುವುದರಿಂದ ಗುರುತ್ವ ಮತ್ತು ಹೊರಕ್ಕೆ ಎಳೆವ ಬಲ ಎರಡೂ ಸೇರಿ ಬೈಕಿನ ನೆತ್ತಿಯಿಂದ ಚಕ್ರದ ದಿಕ್ಕಿಗೇ ಒತ್ತುತ್ತವೆ. ಬಟ್ಟಲಿನೊಳಗಿನ ಪೆಟ್ರೋಲಿಗೆ ತಾನು ವಾಲಿದ್ದೇ ಗೊತ್ತಾಗುವುದಿಲ್ಲ. ಅದಕ್ಕೆ ನಿಜವಾದ ತೊಂದರೆ ಜೋರು ಬ್ರೇಕಿನಲ್ಲಿ, ಕಡಿದಾದ ಏರಿನಲ್ಲಿ, ಸೈಡ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿದಾಗ.

ತಯಾರಿಕೆಯಲ್ಲಿ ದೊಡ್ಡ ಗುಟ್ಟೇನಿಲ್ಲ. ಹೋಂಡಾದ ಮೂಲ ಗ್ಯಾಸ್ಕೆಟ್ಟನ್ನು ಅಳತೆಗಿಟ್ಟು ದಪ್ಪ ಪ್ಲೇಟಿನಲ್ಲಿ ಫ್ಲೇಂಜ್ ಕತ್ತರಿಸಿ, ಬಾಗಿಸಿದ ಉಕ್ಕಿನ ಕೊಳವೆ ಬೆಸೆದು, ಬೆಸುಗೆಯ ಶಾಖಕ್ಕೆ ಸೊಟ್ಟಗಾದ ಮುಖಗಳನ್ನು ಮತ್ತೆ ಸಮತಟ್ಟು ಮಾಡಿಸಬೇಕು. ನಡುವೆ ರಬ್ಬರಿನ ಸ್ಲೀವ್ ಬೇಕೇ ಬೇಕು. ಎರಡು ಬದಿಯ ಹೆಡ್ಡುಗಳನ್ನು ಗಡುಸು ಕೊಳವೆಯಿಂದ ಕಟ್ಟಿಹಾಕಿದರೆ ಎಂಜಿನ್ ಬಿಸಿಯೇರಿ ಹಿಗ್ಗಿದಾಗ ಬೆಸುಗೆ ಬಿರಿಯುತ್ತದೆ. ಎಲ್ಲಕ್ಕಿಂತ ಕಾಡುವುದು ಎತ್ತರ. ಪೆಟ್ಟಿಗೆ, ಅದರ ಮೇಲೆ ಕಾರ್ಬ್ಯುರೇಟರ್, ಅದರ ಮೇಲೆ ಫಿಲ್ಟರ್ ಇಷ್ಟೂ ಆ ಹುಸಿ ಟ್ಯಾಂಕಿನ ಹೊಟ್ಟೆಯಲ್ಲಿ ಅಡಗಬೇಕು.

ಟ್ಯೂನಿಂಗ್ ಮಾಡುವಾಗ ಜನ ಮೋಸಹೋಗುವ ಜಾಗ ಒಂದಿದೆ. ಸೈಲೆನ್ಸರಿಗೆ ಆಮ್ಲಜನಕದ ಸೆನ್ಸರ್ ಹಾಕಿ, ಮೀಟರಿನಲ್ಲಿ 14.7ರ ಆಸುಪಾಸು ಕಂಡರೆ ಕೆಲಸ ಮುಗಿಯಿತೆಂದು ಕೈತೊಳೆದುಕೊಳ್ಳುತ್ತಾರೆ. ನಾಲ್ಕೂ ಸಿಲಿಂಡರ್‌ಗಳ ಹೊಗೆ ಬೆರೆತ ಮೇಲೆ ಅಳೆದರೆ ಸಿಗುವುದು ಸರಾಸರಿ. ಎರಡು ಸಿಲಿಂಡರ್ ಪೆಟ್ರೋಲಿನಲ್ಲಿ ಮುಳುಗಿ, ಇನ್ನೆರಡು ಒಣಗಿ ಕಾದರೂ ಸರಾಸರಿ ಸರಿಯಾಗಿಯೇ ಇರಬಹುದು. ಪ್ಲಗ್ ಬಿಚ್ಚಿ ಬಣ್ಣ ನೋಡುವ ಹಳೇ ಪದ್ಧತಿಯೇ ಇಲ್ಲಿ ಮೇಲು: ಒಂದು ಕಪ್ಪು ಮಸಿ, ಇನ್ನೊಂದು ಸುಣ್ಣದ ಬಿಳುಪು ಕಂಡರೆ ದೋಷ ಜೆಟ್ಟಿನಲ್ಲಿಲ್ಲ, ಕೊಳವೆಯಲ್ಲಿದೆ. ಒಂದು ಸಿಲಿಂಡರ್ ಮಾತ್ರ ಬಿಳಿಯಾದರೆ ಅದರ ಗ್ಯಾಸ್ಕೆಟ್ ಎಲ್ಲೋ ಗಾಳಿ ಎಳೆಯುತ್ತಿರಬೇಕು.

ಇಷ್ಟೆಲ್ಲ ಮಾಡಿದರೆ ಸಿಗುವುದು ಗೇಜ್ ಸಿಕ್ಕಿಸಿ ನಾಲ್ಕನ್ನೂ ಸಮ ಮಾಡುವ ಗೋಜಿಲ್ಲದ, ಒಂದೇ ಬಟ್ಟಲು ತೊಳೆದರೆ ಮುಗಿಯುವ ಬೈಕು. ಮೈಲೇಜ್ ಏರುತ್ತದೆಂದು ನಾನು ಭರವಸೆ ಕೊಡಲಾರೆ. ಟ್ಯಾಂಕಿನ ತುಕ್ಕು ತೆಗೆಯದೆ ಕಾರ್ಬ್ಯುರೇಟರ್ ಬದಲಿಸಿದರೆ ನಾಲ್ಕು ಜಾಗದಲ್ಲಿ ಕಟ್ಟಿಕೊಳ್ಳುತ್ತಿದ್ದ ಕಸ ಒಂದೇ ಜಾಗದಲ್ಲಿ ಕಟ್ಟಿಕೊಳ್ಳುತ್ತದೆ, ಅಷ್ಟೇ.

ಹೋಂಡಾ ಕೂಡ ನಾಲ್ಕಕ್ಕೇ ಅಂಟಿಕೊಳ್ಳಲಿಲ್ಲ. 1988ರ ಜಿಎಲ್1500ರಲ್ಲಿ ಸಿಲಿಂಡರ್‌ಗಳು ಆರಾದವು, ಕಾರ್ಬ್ಯುರೇಟರ್ ಎರಡಕ್ಕಿಳಿದವು. 2001ರ ಜಿಎಲ್1800ರಲ್ಲಿ ಒಂದೂ ಇಲ್ಲ. ಇಂಜೆಕ್ಟರುಗಳು ಪೆಟ್ರೋಲನ್ನು ಪ್ರತಿ ಸಿಲಿಂಡರಿನ ಹೊಸ್ತಿಲಲ್ಲೇ ಚಿಮ್ಮಿಸುತ್ತವೆ, ಉದ್ದದ ಕೊಳವೆಯಲ್ಲಿ ಓಡುವುದು ಗಾಳಿ ಮಾತ್ರ.